ಊರು ಹೇಳಿ ವೋಟು ಕಳಕೊಂಡದ್ದು

ಎರಡು ಚುನಾವಣೆ ಹಿಂದಿನ ಮಾತು. ಆಗ ನಾನು ಹೈದ್ರಾಬಾದಿನ ಗಚ್ಚಿಬೌಲಿಯಾಗ, ಕೂಲಿಯವರು ಕೆಲಸಕ್ಕ ಕಾದು ನಿಲ್ಲುವ ಲೇಬರ್ ಅಡ್ಡಾದಾಗ, ಹದಿನೇಳು ಹೆಣ್ಣಾಳುಗಳಿಗೆ ಮುಖಂಡಳಾಗಿದ್ದೆ. ಎಲ್ಲರೂ ಸೇಡಂ, ಯಾದಗಿರಿ ಕಡೆಯವರು. ಇಲ್ಲಿಗೆ ಬಂದು ನನಗೆ ಮೂವತ್ತು ವರ್ಷ ಆಗಿತ್ತು. ಇಲ್ಲಿನ ದೊಡ್ಡ ಬಿಲ್ಡಿಂಗುಗಳಿಗೆ ಇಟ್ಟಂಗಿ ಹೊತ್ತವರು ನಾವು.

ಆ ವರ್ಷ ನಮ್ಮ ಗುಡಿಸಲು ಬಸ್ತಿಗೆ ನೀರಿನ ನಳ ಬರಬೇಕಿತ್ತು. ಅಷ್ಟರಾಗ ವೋಟರ್ ಲಿಸ್ಟ್ ನೋಡುವವನೊಬ್ಬ ಮೂಗಿಗೆ ಕರ್ಚೀಫು ಹಿಡಕೊಂಡು ಬಂದ. ಮನಿ ಮನಿಗೂ ತೆಲುಗಿನಾಗ ಒಂದೇ ಪ್ರಶ್ನೆ: "ಮೀ ಊರು ಏದಮ್ಮಾ?"

ನಮಗ ಊರು ಅಂದ್ರ ಹುಟ್ಟಿದ ಊರು. ಇಲ್ಲೇ ಮುದುಕಿ ಆದರೂ ಇದು ಹೈದ್ರಾಬಾದು, ಅದು ಊರು. ಒಬ್ಬೊಬ್ಬಳೂ ನಕ್ಕೋತ ತನ್ನ ಹಳ್ಳಿ ಹೆಸರು ಹೇಳಿದಳು. ಆತ ಒಂದೊಂದಕ್ಕೂ ಗೀಟು ಹೊಡೆದ. ಹೊಸ ಲಿಸ್ಟಿನಾಗ ನಾವೆಲ್ಲ ಇಲ್ಲಿಂದ ಬಿಟ್ಟು ಹೋದವರು. ಜಾಣಿ ಅಂತ ಬೀಗುತ್ತಿದ್ದ ನಾನೂ ಹಂಗೇ ಹೇಳಿದ್ದೆ, ನನ್ನ ಹೆಸರೂ ಹೋಗಿತ್ತು. ವೋಟಿಲ್ಲದ ಓಣಿಗೆ ನಳ ಯಾರು ಹಾಕತಾರ?

ಭಾಷಣದಾಗ ನಮ್ಮನ್ನು "ಅಕ್ಕಂದಿರೇ" ಅನ್ನುವ ಲೀಡರ್ ಒಬ್ಬನಿದ್ದ. ಆತನ ಕಡೆ ಹೋದ್ವಿ. "ನೀವು ಕರ್ನಾಟಕದವರು, ನಿಮ್ಮವರನ್ನ ಕೇಳ್ರಿ" ಅಂದ. ಲಿಸ್ಟಿನ ಜೋಡಿ ಅಕ್ಕತನವೂ ಹೋಗಿತ್ತು.

ನಮ್ಮವರು ಅಂದ್ರ ಫ್ಲ್ಯಾಟಿನ ಕನ್ನಡ ಸಂಘದ ಅಧ್ಯಕ್ಷರು, ಮೈಸೂರಿನವರು. "ನಾವು ರಾಜಕೀಯಕ್ಕೆ ಬರಲ್ಲಮ್ಮ. ಆದ್ರೆ ರಾಜ್ಯೋತ್ಸವಕ್ಕೆ ಬನ್ನಿ, ಕುಂಭ ಹೊರೋಕೆ ಹೆಂಗಸರು ಬೇಕು."

"ತಲಿ ಮ್ಯಾಲ ಹೊರೂದು ನಮಗ ಕೂಲಿ ಕೆಲಸರಿ. ಪುಕ್ಕಟ ಹೊರಂಗಿಲ್ಲ" ಅಂದು ಎದ್ದು ಬಂದೆ.

ಮರುದಿನ ಕೆಲಸ ಬಿಟ್ಟು ಹದಿನೆಂಟೂ ಮಂದಿ ವಾರ್ಡ್ ಆಫೀಸಿಗೆ ಹೋದ್ವಿ. ಏನು ಕೇಳಿದರೂ ಹೈದ್ರಾಬಾದು ಅನ್ನಬೇಕು ಅಂತ ದಾರಿಯುದ್ದಕ್ಕೂ ಪಾಠ ಮಾಡಿದ್ದೆ. ಮೊದಲನೆಯವಳು ನನ್ನ ವಾರಿಗೆಯ ಸಾಬಮ್ಮ. ಕ್ಲರ್ಕು ತಲೆ ಎತ್ತದೆ "ಊರು?" ಅಂದ.

ಸಾಬಮ್ಮ ಹಳ್ಳಿ ಹೆಸರೇ ಹೇಳಿದಳು!

"ಏನಬೇ, ನಿನಗ ಬುದ್ಧಿ ಐತೇನು?" ಅಂತ ನಾನು ಒದರಿದೆ.

"ಹುಟ್ಟಿದ ಊರು ಸುಳ್ಳು ಹೇಳಲೇನು?" ಅಂದವಳು ಕ್ಲರ್ಕಿನ ಕಡೆ ತಿರುಗಿ, "ನಿಂದ್ಯಾವ ಊರಪ್ಪಾ?" ಅಂದಳು.

"ಕರೀಂನಗರ."

"ವೋಟು ಎಲ್ಲೈತಿ?"

"ಇಲ್ಲೇ."

ಅಂದ ಮ್ಯಾಲೆ ಅವನ ಪೆನ್ನು ನಿಂತಿತು. ಸಾಲಿನಾಗಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಆತ ಮುಖ ಕೆಂಪಗೆ ಮಾಡಿಕೊಂಡು ಹದಿನೆಂಟೂ ಫಾರಂ ತಗೊಂಡ.

ಹೆಸರು ಬಂದವು. ನಳ ಬರಲಿಕ್ಕೆ ಮತ್ತೆರಡು ವರ್ಷ ಹಿಡೀತು. ಅದನ್ನು ತಿರುವಿ ಉದ್ಘಾಟನೆ ಮಾಡಲಿಕ್ಕೆ ಬಂದವನು ಅದೇ ಲೀಡರ್, ಬಾಯಿತುಂಬ "ಅಕ್ಕಂದಿರೇ". ನಾಚಿಕೆ ಅನ್ನೋದನ್ನ ಇವರು ಎಲ್ಲಿ ಅಡವಿಟ್ಟು ಬರತಾರೋ.

ಇಂಥವರನ್ನು ನೋಡಿಯೂ ಆಸೆ ಹೆಂಗ ಇಟ್ಟುಕೊಂಡಿ ಅಂತ ಮೊಮ್ಮಗಳು ಕೇಳತಾಳ. ಸ್ಲ್ಯಾಬ್ ಹಾಕಿದ ದಿನ ಕಾಯಿ ಒಡೆದು ಫೋಟೋ ತೆಗೆಸಿಕೊಳ್ಳಲಿಕ್ಕೆ ಎಲ್ಲಾರೂ ಬರತಾರ. ಮರುದಿನದಿಂದ ಅದಕ್ಕ ನೀರು ಹೊಡೆಯುವವರು ನಾವು. ಹೊಡೀಲಿಲ್ಲ ಅಂದ್ರ ಬಿರುಕು ಬಿಡತೈತಿ. ನನ್ನ ಕೆಲಸ ನನಗ ಕಲಿಸಿದ್ದು ಇಷ್ಟು. ಆಸೆ ಗೀಸೆ ನನಗ ಗೊತ್ತಿಲ್ಲ. ಹೋದ ಚುನಾವಣೆಗೆ ಮೊದಲೇ ಲಿಸ್ಟು ಓದಿಸಿದೆ. ಮತ್ತ ಮೂರು ಹೆಸರು ಇರಲಿಲ್ಲ. ಮತ್ತ ಹೋದ್ವಿ.