ವಾಪಸ್ ಬರುವುದು ಟೆಸ್ಟ್ ಅಲ್ಲ

ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಏಳು ಹತ್ತು. ಕೆಳಗೆ ಯಾರೋ ಹಳೆಯ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದಾರೆ. ಎಣ್ಣೆ ಬೆರೆತ ಪೆಟ್ರೋಲಿನ ಹೊಗೆ ಮೂರನೇ ಮಹಡಿಗೂ ಬಂತು. ಜೊತೆಗೆ ಕಾಕಾರ ನೆನಪೂ.

ಕಾಕಾ ಧಾರವಾಡದವರು, ಬ್ಯಾಂಕ್ ಆಫೀಸರು, ವರ್ಗವಾಗಿ ವಿಜಯವಾಡಕ್ಕೆ ಬಂದವರು. ಹಾಗೆ ಬಂದವರು ಇಲ್ಲಿನ ಉಪ್ಪಿನಕಾಯಿಗೆ ಮರುಳಾಗುವುದುಂಟು. ಇವರು ಪ್ಯಾರಾಮೋಟರಿಗೆ ಮರುಳಾದರು: ತಲೆಯ ಮೇಲೆ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಇದೇ ಹೊಗೆಯುಗುಳುವ ಎಂಜಿನ್ನಿನ ಫ್ಯಾನು, ಮೂರು ಗಾಲಿಯ ಬಂಡಿಯಲ್ಲಿ ಎರಡು ಸೀಟು. ಎರಡನೆಯದು ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆಂದು ಅವರನ್ನು ಕೇಳದೆಯೇ ತೀರ್ಮಾನವಾಗಿತ್ತು.

ಭವಾನಿಪುರಂ ಆಚೆಯ ನದಿಮರಳಿನಲ್ಲಿ ಪರೀಕ್ಷೆ. ವೇಗ ಬರೆದುಕೊಳ್ಳುವುದು ನನ್ನ ಕೆಲಸ. ನಾನೋ ಹಲ್ಲುಜ್ಜಿದ ಹೊತ್ತನ್ನೂ ಬರೆದಿಡುವ ಪ್ರಾಣಿ. ಗಾಳಿ ಬೆನ್ನಿಗಿದ್ದಾಗ, ಇಂದ್ರಕೀಲಾದ್ರಿಯ ಕಡೆಗೆ, ಫೋನು ಗಂಟೆಗೆ ಅರವತ್ತು ಕಿಲೋಮೀಟರ್ ತೋರಿಸಿತು. ತಿರುಗಿ ಬರುವಾಗ ಮೂವತ್ತು.

"ಅರವತ್ತು ಬರಿ," ಅಂದರು ಕಾಕಾ.

"ಬರುವಾಗಿಂದು?"

"ವಾಪಸ್ ಬರೂದು ಟೆಸ್ಟ್ ಅಲ್ಲಲೇ. ಅದು ಬರೇ ವಾಪಸ್ ಬರೂದು."

"ಸರಾಸರಿ ನಲವತ್ತೈದು, ಕಾಕಾ. ನಲವತ್ತೈದರ ಗಾಳಿ ಎದುರಿಗೆ ಬೀಸಿದರೆ ನಿಂತಲ್ಲೇ ನಿಲ್ತೀರಿ."

"ಆಕ್ಸಿಲೇಟರ್ ಯಾಕ ಐತಿ ಮತ್ತ?"

ಆಕ್ಸಿಲೇಟರ್ ಒತ್ತಿದರೆ ಈ ರೆಕ್ಕೆ ಮೇಲೇರುತ್ತದೆಯೇ ಹೊರತು ವೇಗವಾಗಿ ಓಡುವುದಿಲ್ಲ. ಕೈಪಿಡಿಯ ಮೊದಲ ಪುಟದಲ್ಲೇ ಇತ್ತು. ಸಾಲದ ಅರ್ಜಿಯ ಸಣ್ಣಕ್ಷರವನ್ನೆಲ್ಲ ಓದುವ ಮನುಷ್ಯ ಅದನ್ನು ಮಾತ್ರ ಓದಲಿಲ್ಲ.

ಆಮೇಲೆ ವಿಶಾಖಪಟ್ಟಣದಾಚೆಯ ಕಡಲತೀರದಲ್ಲಿ ಪ್ರದರ್ಶನ. ಬ್ಯಾಂಕಿನವರೆಲ್ಲ ಬಂದಿದ್ದರು. ಮೊದಲ ಸುತ್ತು ಕಾಕಾ ಒಬ್ಬರೇ; ಎರಡನೆಯದಕ್ಕೆ ಕಾಕು ಹೆಲ್ಮೆಟ್ ಹಾಕಿಕೊಂಡು ಸಿದ್ಧ. ಮಧ್ಯಾಹ್ನದ ಕಡಲಗಾಳಿ. ಸಮುದ್ರಕ್ಕೆ ಮುಖಮಾಡಿ ಏರಿದವರು ಆಕಾಶದಲ್ಲಿ ನಿಂತೇಬಿಟ್ಟರು. ಆಕ್ಸಿಲೇಟರ್ ಒತ್ತಿದರು, ಮೇಲೆ ಹೋದರು. ಮೇಲೆ ಗಾಳಿ ಇನ್ನೂ ಜೋರು, ಹಿಂದಕ್ಕೆ ಸರಿಯತೊಡಗಿದರು. ಅಷ್ಟು ಗಂಭೀರವಾಗಿ ಹಿಂದಕ್ಕೆ ಹೋದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ, ಓದುಗರೇ.

ಸಾರ್‌ಗೆ ರಿವರ್ಸ್ ಗೇರೂ ಇದೆಯಾ ಎಂದು ಜೋಳ ಸುಡುವವಳು ತೆಲುಗಿನಲ್ಲಿ ಕೇಳಿದಳು.

"ಈಗ ಅದೊಂದ ಐತಿ," ಅಂದರು ಕಾಕು.

ನಾವು ಓಡಿ ತಲುಪಿದಾಗ ರಸ್ತೆಯಾಚೆಯ ಸರ್ವೆ ತೋಪಿನಲ್ಲಿ ಕಾಕಾ ತೂಗಾಡುತ್ತಿದ್ದರು. ಮೈಮೇಲೆ ಒಂದು ಗೀರು, ಅಷ್ಟೇ. ಕಾಕು ಕೂರಬೇಕಿದ್ದ ಹಿಂದಿನ ಸೀಟನ್ನು ಮಾತ್ರ ಒಂದು ಕೊಂಬೆ ತೂರಿಕೊಂಡು ಹೋಗಿತ್ತು. ಕಾಕು ಅದನ್ನೇ ನೋಡುತ್ತ ನಿಂತರು. ಅಲ್ಲಿಯವರೆಗೆ ನಗುತ್ತಿದ್ದ ನಾನು ವೇಗ ಬರೆಯುವ ಪುಸ್ತಕ ಮುಚ್ಚಿದೆ.

ಏಳು ನಲವತ್ತು, ಹೊಗೆ ಕರಗಿದೆ. ನಿನ್ನೆ ಕಾಕಾ ಫೋನು ಮಾಡಿದ್ದರು. ಹೊಸ ರೆಕ್ಕೆ, ಹೊಸ ಸೀಟು. "ಎಪ್ಪತ್ತು ಹೋಗತೈತಿ!" ಚುಚ್ಚಲು ನನ್ನ ಬಳಿ ಮಾತು ಸಿದ್ಧವಿತ್ತು. ಅಷ್ಟರಲ್ಲಿ ಹಿಂದಿನಿಂದ ಕಾಕುವಿನ ದನಿ ಕೇಳಿತು: "ಬರೂವಾಗ?" ನನಗೆ ಚುಚ್ಚುವ ಮನಸ್ಸಾಗಲಿಲ್ಲ.

ಇಬ್ಬರನ್ನು ಹೊತ್ತ ಇಂಥ ರೆಕ್ಕೆಯ ವೇಗವನ್ನು ಎದುರುಗಾಳಿಯಲ್ಲಿ ಅಳೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಕಾಕಾರಿಗೆ ಬೇಡ, ಕಾಕುವಿಗೆ. ಹೆಲ್ಮೆಟ್ ಅವರ ಕಪಾಟಿನಲ್ಲಿದೆ; ಬೀಗದ ಕೈ ಅವರ ಸೊಂಟದಲ್ಲಿದೆ.