ರಫೂಗಾರ ಯದುಲ್ಲಾನ ಬಲಮಂಡಿ

ಇರಾನಿನ ಕಾಶಾನ್ ಊರಿನ ಬಜಾರಿನಲ್ಲಿ ರತ್ನಗಂಬಳಿ ಮಾರುವವರೆಲ್ಲ, ಹರಿದದ್ದನ್ನು ಎಳೆ ಎಳೆಯಾಗಿ ಕೂಡಿಸುವ ರಫೂಗಾರ ಯದುಲ್ಲಾನಿಗೆ ಹೆದರುತ್ತಿದ್ದರು. ಅವನ ಬಾಯಿಗಲ್ಲ, ಕರವಸ್ತ್ರಕ್ಕೆ. ಬಾಯಿಯೇನೂ ಕಡಿಮೆ ಇರಲಿಲ್ಲ ಬಿಡಿ. ಆದರೆ ಹರಿದ ಕಂಬಳಿಯನ್ನು ಯಾರೇ ತರಲಿ, ಮೊದಲು ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಸವೆದ ಜಾಗದ ಮೇಲೆ ಗಸಗಸ ಉಜ್ಜುತ್ತಿದ್ದ. ಬಟ್ಟೆಗೆ ಬಣ್ಣ ಹತ್ತಿತೋ, ಮುಗಿಯಿತು ತಂದವನ ಕಥೆ. ಉಣ್ಣೆ ಉದುರಿ ಹಾಸಿನ ನೂಲು ಬೋಳಾದ ಕಡೆ ಕುಂಚದಿಂದ ಬಣ್ಣ ಬಳಿದು ಗಿರಾಕಿಯ ಕಣ್ಣಿಗೆ ಮಣ್ಣೆರಚುವುದು ಆ ಬಜಾರಿನ ಹಳೆಯ ಚಾಳಿ.

“ನಾನು ರಫೂಗಾರ ಕಣಯ್ಯಾ, ಗೋಡೆಗೆ ಸುಣ್ಣ ಹೊಡಿಯೋನಲ್ಲ. ಎತ್ಕೊಂಡು ಹೋಗು!” ಎಂದು ಕಂಬಳಿಯನ್ನು ಹೊರಗೆ ಎಸೆದುಬಿಡುತ್ತಿದ್ದ. ಹಾಜಿ ಕುದ್ರತ್‌ನಂಥ ದೊಡ್ಡ ವ್ಯಾಪಾರಿಯ ಮಾಲನ್ನೂ ಮೂರು ಸಲ ಎಸೆದಿದ್ದ. ಹಾಜಿ ಬೈದುಕೊಂಡೇ ನಾಲ್ಕನೆಯ ಸಲವೂ ಬಂದಿದ್ದ. ಏಕೆಂದರೆ ಯದುಲ್ಲಾ ‘ಸರಿ’ ಅಂದ ಕಂಬಳಿಯನ್ನು ಗಿರಾಕಿಗಳು ತಿರುಗಿಸಿಯೂ ನೋಡದೆ ಕೊಳ್ಳುತ್ತಿದ್ದರು.

ಈ ಕೆಲಸ ನೆಲದ ಮೇಲೆ ಕೂತೇ ಆಗಬೇಕು. ಕಾಲು ಮಡಚಿ, ಅದರ ಮೇಲೆ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡು, ಮೂಗು ತಾಗುವಷ್ಟು ಬಗ್ಗಿ ಒಂದೊಂದೇ ಗಂಟು ಹಾಕಬೇಕು. ನಲವತ್ತು ವರ್ಷ ಹಾಗೆ ಕೂತವನಿಗೆ ಐವತ್ತಾರರಲ್ಲಿ ಸಂಧಿವಾತ ಬಂತು. ಹಾಳಾದ್ದು, ಬಂದು ಬಂದು ಬಲಮಂಡಿಯನ್ನೇ ಹಿಡಿಯಿತು. ಕೀಲು ದಾಳಿಂಬೆಯ ಹಾಗೆ ಊದಿ, ಮುಟ್ಟಿದರೆ ಸುಡುತ್ತಿತ್ತು. ಎಲುಬಿಗೆ ಎಲುಬು ತಾಗದಂತೆ ಕಾಯುವ ಮೃದ್ವಸ್ಥಿ ಎಂಬ ಮೆತ್ತೆ ಒಳಗೊಳಗೇ ಸವೆದಿತ್ತು. ಸ್ಟೂಲಿನ ಮೇಲೆ ಕೂತು ಪ್ರಯತ್ನಿಸಿದ. ಗಂಟು ಸಡಿಲವಾಯಿತು, ತಾನೇ ಕತ್ತರಿ ಹಾಕಿ ಬಿಚ್ಚಿದ. ಲೋಹದ ಕೀಲು ಹಾಕಿಸಿದರೆ ನಡೆಯಬಹುದು, ನೆಲದ ಮೇಲೆ ಕೂರುವಂತಿಲ್ಲ ಎಂದರು ಊರಿನ ಡಾಕ್ಟರು. ಕೂರಲಾಗದ ರಫೂಗಾರ ನಡೆದುಕೊಂಡು ಹೋಗುವುದಾದರೂ ಎಲ್ಲಿಗೆ?

ಆಗ ತೆಹ್ರಾನಿನ ಸಂಶೋಧನಾಲಯವೊಂದರ ಸುದ್ದಿ ಬಂತು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರಲ್ಲಿನ ಕಾಂಡಕೋಶಗಳನ್ನು ವಾರಗಟ್ಟಲೆ ಬೆಳೆಸಿ, ಮಂಡಿಗೆ ಚುಚ್ಚುತ್ತಾರಂತೆ. ಅವು ಹೊಸ ಮೆತ್ತೆ ಕಟ್ಟಬಹುದು. ‘ಬಹುದು’ ಅಷ್ಟೇ, ಏಕೆಂದರೆ ಅದಿನ್ನೂ ಪ್ರಯೋಗ. ಹನ್ನೆರಡು ಜನರ ಪಟ್ಟಿಯಲ್ಲಿ ಯದುಲ್ಲಾನ ಹೆಸರೂ ಸೇರಿತು.

ಅಲ್ಲಿನ ಡಾಕ್ಟರ್ ಫರ್ಜಾನೆ ಮೊದಲ ದಿನವೇ ಹೇಳಿದಳು: “ಉಸ್ತಾದ್, ಚುಚ್ಚೋ ಹೊತ್ತಿಗೆ ಮಂಡಿ ತಣ್ಣಗಿರಬೇಕು. ಉರಿಯೋ ಕೀಲಿಗೆ ಕೋಶ ಹಾಕಿದ್ರೆ ಆ ಉರೀನೇ ಅವನ್ನ ತಿಂದುಬಿಡುತ್ತೆ.”

ಯದುಲ್ಲಾ ಜೋರಾಗಿ ನಕ್ಕ. “ಇದನ್ನ ನನಗೆ ಹೇಳ್ತೀರಾ ಖಾನಂ? ನುಸಿ ಇರೋ ಕಂಬಳೀನ ಯಾವ ಹುಚ್ಚ ರಫು ಮಾಡ್ತಾನೆ? ಬಿಸಿಲಿಗೆ ಹಾಕಿ, ಬಡಿದು, ಮೊಟ್ಟೆ ಸಮೇತ ಸಾಯಿಸಬೇಕು. ಆಮೇಲೆ ಸೂಜಿ. ಇಲ್ಲಾಂದ್ರೆ ಹೊಸ ಉಣ್ಣೆ ನುಸಿಗೆ ಹಬ್ಬದೂಟ!”

ಡಾಕ್ಟರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಉಳಿದ ರೋಗಿಗಳಿಗೂ ಅದನ್ನೇ ಹೇಳತೊಡಗಿದಳು.

ಆರು ತಿಂಗಳು ಮಾತ್ರೆ ನುಂಗಿ ಮಂಡಿ ತಣ್ಣಗಾಯಿತು. ಮಜ್ಜೆ ತೆಗೆದರು, ಕೋಶಗಳು ಬೆಳೆದವು. ಚುಚ್ಚುವುದಕ್ಕೆ ಐದು ದಿನ ಇದೆ ಅನ್ನುವಾಗ ಮಂಡಿ ಮತ್ತೆ ಊದಿತು. ಊದಿದ್ದರೆ ಪಟ್ಟಿಯಿಂದ ಹೊರಗೆ, ಅದು ನಿಯಮ. ಯದುಲ್ಲಾ ಓಣಿಯ ಕಾಂಪೌಂಡರನನ್ನು ಮನೆಗೆ ಕರೆಸಿ, ಊತವನ್ನು ಕೆಲವು ದಿನ ಅಡಗಿಸಿಡುವ ಸ್ಟೀರಾಯ್ಡನ್ನು ಮಂಡಿಗೆ ಚುಚ್ಚಿಸಿಕೊಂಡ.

ಹೆಂಡತಿ ಇಫ್ಫತ್ ಬಾಗಿಲಲ್ಲೇ ನಿಂತಿದ್ದಳು. “ರೀ, ಡಾಕ್ಟರಿಗೆ ಒಂದು ಫೋನ್ ಮಾಡಬಾರದಾ?”

“ಮಾಡಿದ್ರೆ ಹೆಸರು ಹೊಡೆದು ಹಾಕ್ತಾರೆ. ಸುಮ್ನಿರು.”

“ಒಳಗೆ ನುಸಿ ಇದೆ ಅಂತ ಗೊತ್ತಿದ್ದೂ?”

“ನನ್ನ ಕಾಲು, ನನ್ನಿಷ್ಟ.”

“ಊರಿನ ಕಂಬಳೀನೆಲ್ಲಾ ಉಜ್ಜಿ ಉಜ್ಜಿ ನೋಡ್ತಿದ್ರಲ್ಲ, ಆ ಕರವಸ್ತ್ರ ಈಗೆಲ್ಲಿ ಹೋಯ್ತು?”

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಕೋಶ ಚುಚ್ಚುವ ದಿನ ಡಾಕ್ಟರ್ ಮಂಡಿಯನ್ನು ಒತ್ತಿ ನೋಡಿದಳು. ಊತವಿಲ್ಲ. ಬೇರೆ ಸೂಜಿ ಏನಾದರೂ ಹಾಕಿಸಿಕೊಂಡಿರಾ ಎಂದು ಕೇಳಿದಳು. “ಇಲ್ಲ ಖಾನಂ, ನಾನ್ಯಾಕೆ ಹಾಕಿಸ್ಕೊಳ್ಲಿ?” ಎಂದ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ಅವನು ಸುಳ್ಳು ಹೇಳಿದ್ದಿಲ್ಲ.

ಕೋಶ ಚುಚ್ಚಿಸಿಕೊಂಡು, ಎರಡು ತಿಂಗಳ ವಿಶ್ರಾಂತಿ ಮುಗಿಸಿ ಅಂಗಡಿಯಲ್ಲಿ ಕಾಲು ಮಡಚಿದರೆ, ಮಡಚಿತು! ಇಫ್ಫತ್ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಗುಲಾಬಿ ಶರಬತ್ತು ಹಂಚಿದಳು. ಹನ್ನೊಂದು ದಿನ ಯದುಲ್ಲಾ ನೆಲದ ಮೇಲೆ ಕೂತು, ಹಾಡು ಗುನುಗುತ್ತಾ, ಅಂಗೈ ಅಗಲ ರಫು ಮಾಡಿದ. ಹನ್ನೆರಡನೆಯ ದಿನ ಕೂತಲ್ಲಿಂದ ಏಳಲಾಗಲಿಲ್ಲ. ಮೂವರು ಅಂಗಡಿಯವರು ಹಿಡಿದು ಎತ್ತಬೇಕಾಯಿತು.

ತೆಹ್ರಾನಿನಲ್ಲಿ ಸ್ಕ್ಯಾನಿನ ಚಿತ್ರ ನೋಡಿ ಫರ್ಜಾನೆಯ ಮುಖ ಬಾಡಿತು. “ಹೊಸದು ಒಂದು ಎಳೆಯೂ ಕಟ್ಟಿಲ್ಲ ಉಸ್ತಾದ್. ಇದ್ದ ಚೂರೂ ಹೋಗಿದೆ. ನಮ್ಮ ಕೋಶದಲ್ಲೇ ಏನೋ ದೋಷ ಇರ್ಬೇಕು. ಹೊರಗೆ ಕೂತಿರೋರಿಗೆ ಇವತ್ತು ಚುಚ್ಚೋದು ಬೇಡ ಅಂತ ಹೇಳ್ತೀನಿ.”

ಹೊರಗಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಪಾಳಿಗಾಗಿ ಕಾಯುತ್ತಿದ್ದರು. ಬರುವಾಗ ಅವನೇ ಅವರಿಗೆ ಧೈರ್ಯ ಹೇಳಿ ಬಂದಿದ್ದ.

“ಕೋಶದ್ದು ದೋಷ ಅಲ್ಲ ಖಾನಂ,” ಎಂದ. “ನಾನು ಬಣ್ಣ ಬಳಿದಿದ್ದೆ.”

ಅವಳಿಗೆ ಅರ್ಥವಾಗಲಿಲ್ಲ. ಕಾಂಪೌಂಡರನ ವಿಷಯ ಎಲ್ಲವನ್ನೂ ಹೇಳಿದ. ಅವಳು ಬೈಯದೆ ಅದನ್ನೆಲ್ಲ ಬರೆದುಕೊಂಡಳು, ಬೈದಿದ್ದರೇ ಚೆನ್ನಾಗಿತ್ತು.

“ಇನ್ನೊಂದು ಸಲ…?”

“ಕಟ್ಟೋದಕ್ಕೆ ಒಳಗೆ ಏನೂ ಉಳಿದಿಲ್ಲ ಉಸ್ತಾದ್. ಇನ್ನು ಲೋಹದ ಕೀಲೇ ಗತಿ.”

ಈಗ ಯದುಲ್ಲಾ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಿರುತ್ತಾನೆ. ಸೂಜಿ ಡಬ್ಬಿ ಸೇರಿದೆ. ಮೊನ್ನೆ ಹಾಜಿ ಕುದ್ರತ್ ಒಂದು ಕಂಬಳಿ ತಂದು ಅವನ ತೊಡೆಯ ಮೇಲೆ ಹರಡಿದ.

“ರಫು ಬೇಡ ಮಾರಾಯಾ. ಉಜ್ಜಿ ನೋಡಿ ‘ಸರಿ’ ಅಂದ್ರೆ ಸಾಕು. ಗಿರಾಕಿ ಕಾಯ್ತಿದಾನೆ.”

ಮೂಲೆಯ ಕೆಂಪು ಬಳಿದದ್ದೆಂದು ಯದುಲ್ಲಾನಿಗೆ ನೋಡಿದೊಡನೆ ತಿಳಿಯಿತು. ಕೈ ಕರವಸ್ತ್ರಕ್ಕೆಂದು ಜೇಬಿಗೆ ಹೋಗಿ ಅಲ್ಲೇ ನಿಂತಿತು. ಬೇರೆಯವರ ಬಣ್ಣ ಎತ್ತಿ ತೋರಿಸುವ ಮುಖ ತನಗೆಲ್ಲಿದೆ ಅನ್ನಿಸಿತು.

“ಇನ್ಯಾರಿಗಾದ್ರೂ ತೋರಿಸು ಹಾಜಿ. ನನ್ನ ಕೈಲಾಗಲ್ಲ.”

ಹಾಜಿ ಅವನ ಮುಖವನ್ನೂ ಜೇಬಿನಲ್ಲೇ ಉಳಿದ ಕೈಯನ್ನೂ ನೋಡಿದ. ಕಂಬಳಿ ಸುತ್ತಿಕೊಂಡು ಹೊರಟ. ಮರುಗಳಿಗೆ ಪಕ್ಕದ ಅಂಗಡಿಯಿಂದ ಅವನ ದನಿ ಕೇಳಿತು: “ಯದುಲ್ಲಾ ನೋಡಿದಾನೆ ಸ್ವಾಮಿ! ವಾಪಸ್ ಎಸೀಲಿಲ್ಲ. ಇನ್ನೇನು ಬೇಕು ನಿಮಗೆ?”

“ಏಯ್ ಹಾಜಿ!” ಎಂದು ಯದುಲ್ಲಾ ಕೂಗಿದ. ಬಜಾರಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮಂಡಿಯನ್ನು ಎರಡೂ ಕೈಯಿಂದ ಹಿಡಿದು, ಗೋಡೆಗೆ ಒರಗಿಕೊಂಡು, ಅವನು ಎದ್ದು ನಿಲ್ಲುವಷ್ಟರಲ್ಲಿ ಗಿರಾಕಿ ಕಂಬಳಿಯನ್ನು ಹೆಗಲಿಗೇರಿಸಿ ತಿರುವು ದಾಟಿಯಾಗಿತ್ತು.