ಚಪ್ಪಲಿ, ಕನ್ನಡಕ, ಮತ್ತೆ ಸುಮ್ನೆ ಒಂದು ಕಲ್ಲು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನ ಪಕ್ಕದ ಪುಟ್ಟ ಕಿಟಕಿಯ ಹಿಂದೆ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. ಅಲ್ಲಿ ಕೂರುವ ಅಕ್ಕ ಸೊಂಟದ ಗೊಂಚಲಿನಿಂದ ಕೀಲಿ ಆರಿಸಿ, ಕಪಾಟು ತೆರೆದು, ದಪ್ಪ ರಿಜಿಸ್ಟರನ್ನು ಮೇಜಿನ ಮೇಲಿಡುವಷ್ಟರಲ್ಲಿ ಮೊದಲ ರೋಗಿ ಹಾಜರು. ಇವತ್ತು ಆಪರೇಷನ್ ಇರುವ ಹೆಂಗಸು. ಕೈಯಲ್ಲಿ ಬಟ್ಟೆ ಚೀಲ.

ಚಪ್ಪಲಿ, ಕನ್ನಡಕ, ಫೋನು, ಎರಡು ಬಳೆ. ಎಲ್ಲ ಬರೆದಾದ ಮೇಲೆ ಚೀಲದ ತಳದಿಂದ ಒಂದು ನುಣುಪಾದ ಕಲ್ಲು ಹೊರಬರುತ್ತದೆ. ಹೆಂಗಸು ನಾಚಿಕೊಳ್ಳುತ್ತಾರೆ.

“ಇದು ಯಾತಕ್ಕೆ ಅಂತ ಬರೀಲಿ, ಅಮ್ಮ?”

“ಯಾತಕ್ಕೂ ಇಲ್ಲ. ಸುಮ್ನೆ ಇಟ್ಕೊಂಡಿರೋದು. ಕೈಗೆ ತಣ್ಣಗಿರತ್ತೆ.”

ರಿಜಿಸ್ಟರಿನಲ್ಲೂ ಹಾಗೆಯೇ ಬೀಳುತ್ತದೆ: ‘ಕಲ್ಲು, ಒಂದು. ಸುಮ್ನೆ. ತಣ್ಣಗಿರುತ್ತದೆ.’

ಇಡೀ ಆಸ್ಪತ್ರೆಗೆ ಇವರು ಕೀಲಿ ಅಕ್ಕ. ರೋಗಿಗಳ ಸಾಮಾನು ಪಡೆದು, ಬರೆದಿಟ್ಟು, ಮನೆಗೆ ಹೊರಟವರಿಗೆ ಹಿಂದಿರುಗಿಸುವುದು ಕೆಲಸ. ಇಪ್ಪತ್ಮೂರು ವರ್ಷವಾಯಿತು. ಇನ್ನೂರ ಹನ್ನೆರಡು ಗೂಡುಗಳು, ದಿನಕ್ಕೆ ಮೂವತ್ತೈದು ನಲವತ್ತು ಚೀಲ. ಸೈಕಲ್ ರಿಪೇರಿ ಮಾಡುತ್ತಿದ್ದ ಗಂಡ ಮಗಳು ಚಿಕ್ಕವಳಿರುವಾಗಲೇ ತೀರಿಕೊಂಡರು. ಅಲ್ಲಿಂದ ಮನೆ ನಡೆದದ್ದು ಈ ಕಿಟಕಿಯಿಂದಲೇ. ನೆಲಮಾಳಿಗೆಯ ಥಂಡಿ ಮಂಡಿಗೆ ಇಳಿದಿದೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ.

ಮಗಳನ್ನು ಕೇಳಿದರೆ ಬೇರೆಯೇ ದೂರು. “ಮನೇಲಿ ನನ್ನ ಹಳೇ ಪುಸ್ತಕ ಎಲ್ಲ ರದ್ದಿಗೆ ಹಾಕಿದ್ದಾಳೆ. ಊರೋರ ಕಲ್ಲು ಮಣ್ಣು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾಳೆ.”

ಆಸ್ಪತ್ರೆಯ ನಿಯಮ ಹೀಗಿದೆ: ಇಂಥದ್ದು ಎಂದು ಹೆಸರಿಸಿ ಬರೆದ ವಸ್ತುವನ್ನು ಅದರ ಯಜಮಾನರು ಬರುವ ತನಕ ಇಡಬೇಕು. ಹೆಸರಿಲ್ಲದೆ ‘ಇತರೆ’ ಎಂದು ಸೇರಿಸಿದ್ದನ್ನು ಮೂವತ್ತು ದಿನ ನೋಡಿ ಎಸೆಯಬಹುದು. ಅದಕ್ಕೇ ಅಕ್ಕ ‘ಇತರೆ’ ಬರೆಯುವುದಿಲ್ಲ. ಜನ ತಮ್ಮ ಬೇಡದ ವಸ್ತುವಿಗೆ ಏನು ಕಾರಣ ಕೊಡುತ್ತಾರೋ ಅದನ್ನೇ ಬರೆಯುತ್ತಾರೆ. ಶೋಕಿಗೆ, ಚೆಂದಕ್ಕೆ, ಅಭ್ಯಾಸಕ್ಕೆ, ನೆನಪಿಗೆ. ಪುಟ ತಿರುವುತ್ತಾ ಹೋದಂತೆ ಪಾತ್ರೆ ಪಡಗಕ್ಕಿಂತ ಇವೇ ಮನುಷ್ಯರ ನಿಜವಾದ ಆಸ್ತಿ ಅನ್ನಿಸುತ್ತದೆ. ಅಕ್ಕನ ಬಗ್ಗೆ ಬರೆಯಲೆಂದು ಹೋಗಿದ್ದ ನನ್ನ ಜೇಬಿನಲ್ಲೂ ಇಂಕು ಮುಗಿದ ಪೆನ್ನೊಂದು ವರ್ಷದಿಂದ ಬಿದ್ದಿರುವುದು ಆಗ ನೆನಪಾಯಿತು.

“ಸುಮ್ನೆ ಅಂದೋರ ಸಾಮಾನೇ ಜಾಸ್ತಿ ಜೋಪಾನ ಮಾಡಬೇಕು,” ಎನ್ನುತ್ತಾರೆ ಅಕ್ಕ. ಈ ಪಾಠ ಕಲಿತದ್ದು ಒಂದು ತಪ್ಪಿನಿಂದ.

ಎಂಟು ವರ್ಷದ ಹಿಂದೆ ಪ್ರಜ್ಞೆಯಿಲ್ಲದ ಒಬ್ಬ ಹೆಂಗಸನ್ನು ಕರೆತಂದಿದ್ದರು. ಕೇಳಲು ಯಾರೂ ಇರಲಿಲ್ಲ. ಚೀಲದಲ್ಲಿ ಅತ್ತರಿನ ಖಾಲಿ ಸೀಸೆ ಇತ್ತು. ಅಕ್ಕ ‘ಇತರೆ, ಒಂದು’ ಎಂದು ಬರೆದರು. ಮೂವತ್ತೊಂದನೆಯ ದಿನ ಅದು ಕಸದ ಗಾಡಿ ಹತ್ತಿತು. ಆರು ವಾರ ಕಳೆದು, ಗೋಡೆ ಹಿಡಿದು ನಡೆಯುತ್ತಾ ಆ ಹೆಂಗಸು ಕಿಟಕಿಗೆ ಬಂದರು. ತೀರಿಹೋದ ತಂಗಿಯ ಸೀಸೆಯಂತೆ. ಒಳಗೆ ವಾಸನೆ ಇನ್ನೂ ಉಳಿದಿತ್ತಂತೆ.

“ಬಯ್ದಿದ್ರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಿ, ಬೇಕಾಗಿದ್ದೇನೂ ಅಲ್ಲ’ ಅಂದ್ರು. ಅವತ್ತು ನನಗೆ ಊಟ ಸೇರಲಿಲ್ಲ,” ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ.

ಈಗ ಹೊಸ ಫಾರಂ ಬರುವುದರಲ್ಲಿದೆ. ಹದಿನೆಂಟು ಅಗತ್ಯ ವಸ್ತುಗಳ ಹೆಸರು ಅಚ್ಚಾಗಿದೆ. ಮಿಕ್ಕಿದ್ದೆಲ್ಲ ‘ಇತರೆ’, ಎಷ್ಟು ಎಂದು ಬರೆದರೆ ಮುಗಿಯಿತು. ಆಡಳಿತಾಧಿಕಾರಿ ಕಲ್ಲುಮನಸ್ಸಿನವರೇನಲ್ಲ. ಹಾಸಿಗೆಗಳು ಹೆಚ್ಚಿವೆ, ಕೋಣೆ ಮಾತ್ರ ಅಷ್ಟೇ ಇದೆ. ನಾನಿದ್ದಾಗಲೇ ಅವರು ಫಾರಮ್ಮಿನ ಕರಡು ಹಿಡಿದು ಬರುತ್ತಾರೆ. ಅದೇ ಹೊತ್ತಿಗೆ, ಸೊಂಟದ ಮೂಳೆ ಮುರಿದು ನಲವತ್ತೇಳು ದಿನ ಮಲಗಿದ್ದ ಹಳೆಯ ಬಸ್ ಡ್ರೈವರ್ ಒಬ್ಬರು ಮನೆಗೆ ಹೊರಟಿದ್ದಾರೆ. ಚೀಲ ಕೈಗೆ ಬಂದದ್ದೇ ತಡ, ಅದರೊಳಗೆ ಕೈ ಹಾಕಿ ರಬ್ಬರ್ ಹಾರ್ನೊಂದನ್ನು ತೆಗೆದು ಒತ್ತುತ್ತಾರೆ. ನೆಲಮಾಳಿಗೆಯೆಲ್ಲ ಪೋಂ ಎನ್ನುತ್ತದೆ.

“ಯಾಕಪ್ಪ ಇದು?” ಅಧಿಕಾರಿಗೆ ನಗು.

“ಬೇಕಾಗಿದ್ದೇನೂ ಅಲ್ಲ ಸಾರ್. ಬಸ್ಸು ಬಿಟ್ಟು ಹನ್ನೊಂದು ವರ್ಷ ಆಯ್ತು. ಖುಷಿಗೆ ಅಷ್ಟೆ.”

ಅಕ್ಕ ರಿಜಿಸ್ಟರನ್ನು ಅಧಿಕಾರಿಯ ಕಡೆ ತಿರುಗಿಸುತ್ತಾರೆ. ‘ಹಾರ್ನು, ಒಂದು. ಖುಷಿಗೆ.’ ಆಮೇಲೆ ಮೆಲ್ಲಗೆ ಹೇಳುತ್ತಾರೆ: “ಹೊಸ ಫಾರಂ ಆಗಿದ್ರೆ ಇದು ಹದಿನೇಳು ದಿನದ ಹಿಂದೆಯೇ ಕಸಕ್ಕೆ ಹೋಗಿರ್ತಿತ್ತು, ಸರ್.”

ಅಧಿಕಾರಿ ಕರಡನ್ನೊಮ್ಮೆ, ಹಾರ್ನನ್ನೊಮ್ಮೆ ನೋಡುತ್ತಾರೆ. “ಹೆಸರು ಬರೆಯೋಕೆ ಎಷ್ಟು ಗೆರೆ ಬೇಕಮ್ಮ?”

“ಒಂದು ಸಾಕು ಸರ್. ಸಣ್ಣಕ್ಷರ ಬರೆಯೋಕೆ ಬರತ್ತೆ ನನಗೆ.”

ಎರಡು ವಾರದ ನಂತರ ನಾನು ಮತ್ತೆ ಹೋದಾಗ ಫಾರಂ ಬಂದಿದೆ. ಕೆಳತುದಿಯಲ್ಲಿ ಒಂದು ಖಾಲಿ ಗೆರೆ. ಅಕ್ಕ ಮೇಜಿನ ಡ್ರಾಯರಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚುತ್ತಾರೆ. ಒಳಗೊಂದು ಗಾಜಿನ ಮುಚ್ಚಳ. ಆ ಅತ್ತರಿನ ಸೀಸೆಯದು, ಗೂಡಿನ ಹಿಂದೆ ಉರುಳಿದ್ದು ಸುಣ್ಣ ಬಳಿಯುವಾಗ ಸಿಕ್ಕಿತಂತೆ. ಆ ಹೆಂಗಸಿನ ವಿಳಾಸಕ್ಕೆ ಬರೆದ ಕಾಗದ ವಾಪಸ್ ಬಂತು.

“ನಾನು ಹೋದ್ಮೇಲೆ ಇದು ಯಾರದು ಅಂತ ಬೇರೆ ಯಾರಿಗೆ ಗೊತ್ತಿರತ್ತೆ?” ಎನ್ನುತ್ತಾ ಹಳೆಯ ರಿಜಿಸ್ಟರಿನಿಂದ ಆ ಹೆಂಗಸಿನ ಹೆಸರು ನೋಡಿ ಹೊಸ ಫಾರಂ ತುಂಬುತ್ತಾರೆ. ಹದಿನೆಂಟೂ ಅಗತ್ಯ ವಸ್ತುಗಳ ಮುಂದೆ ಸೊನ್ನೆ. ಕೊನೆಯ ಗೆರೆಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಮುಚ್ಚಳ, ಒಂದು. ತಂಗಿಯ ಸೀಸೆಯದು.’

“ಆಯಮ್ಮ ಯಾವತ್ತಾದ್ರೂ ಬಂದು ಕೇಳಿದ್ರೆ, ಈ ಕಿಟಕೀಲಿ ಕೂತೋರು ಯಾರೇ ಆಗಲಿ, ‘ಇದೆ’ ಅನ್ನಬೇಕು. ಅಷ್ಟೇ ನನ್ನ ಆಸೆ.”